ಅಕ್ಕಾರ ಪರಾತ

ಅಕ್ಕಾರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಬಾವಿಯ ಗಡಗಡಿಗೆ ಸಿಕ್ಕು ಒಡೆದದ್ದಂತೆ. ಆಮೇಲೆ ಎಷ್ಟು ಸಲ ಬೆಳೆದರೂ ಎರಡು ಹೋಳಾಗಿಯೇ ಬೆಳೆಯಿತು. ಆ ಸೀಳಿನೊಳಗೆ ಒಣದ್ರಾಕ್ಷಿಯ ಅಂಟು ಕೂತು ಕಂದು ಗೆರೆಯೊಂದು ಕಾಯಂ ಆಗಿ ನಿಂತುಬಿಟ್ಟಿತ್ತು. ಸಾಬೂನು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮನಸ್ಸಿನಲ್ಲಿ ಏನಾದರೂ ಕೊರೆಯಹತ್ತಿದರೆ ಅಕ್ಕಾರು ತೋರುಬೆರಳಿನಿಂದ ಆ ಗೆರೆಯನ್ನು ಸವರುತ್ತ ಕೂಡುತ್ತಿದ್ದರು. ನಾವು ಕೆಲಸದವರು ದೂರದಿಂದಲೇ ಆ ಬೆರಳು ನೋಡಿ, ಇವತ್ತು ರಜೆ ಕೇಳುವುದೋ ಬಿಡುವುದೋ ಎಂದು ತೀರ್ಮಾನ ಮಾಡುತ್ತಿದ್ದೆವು.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ಅವರದೊಂದು ಒಣದ್ರಾಕ್ಷಿ ಹಸನು ಮಾಡುವ ಕಾರ್ಖಾನೆ ಇತ್ತು. ಅದಕ್ಕೆ ಹತ್ತಿಯೇ ಒಂದು ಕೋಲ್ಡ್ ಸ್ಟೋರೇಜು. ಸುತ್ತಲಿನ ರೈತರು ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸಿ, ಬಾಕ್ಸಿಗೆ ತುಂಬಿ ತಂದು ಅಲ್ಲಿ ಇಡುತ್ತಿದ್ದರು. ದರ ನೋಡಿಕೊಂಡು ಆಮೇಲೆ ಸವಾಲಿಗೆ, ಅಂದರೆ ಹರಾಜಿಗೆ, ಒಯ್ಯುತ್ತಿದ್ದರು. ಎರಡನ್ನೂ ಕಟ್ಟಿದವರು ಅಕ್ಕಾರ ಗಂಡ. ಅವರು ತೀರಿಕೊಂಡಾಗ, ಮಕ್ಕಳಿಲ್ಲದ ಈ ಹೆಣ್ಣುಮಗಳು ಎಲ್ಲ ಮಾರಿ ತವರು ಸೇರುತ್ತಾಳೆಂದು ಗಾಂಧಿ ಚೌಕದ ಒಂದಿಬ್ಬರು ವ್ಯಾಪಾರಿಗಳು ಕೊಳ್ಳಲು ಕಾದು ಕೂತಿದ್ದರಂತೆ. ಅಕ್ಕಾರು ದಿನಕರ್ಮ ಮುಗಿದ ಮರುದಿನ ಬಂದು ಗಂಡನ ಕುರ್ಚಿಯಲ್ಲಿ ಕೂತರು. ಕುರ್ಚಿ ಎತ್ತರ, ಅವರು ಗಿಡ್ಡ. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕಾಲ ಕೆಳಗೆ ಒಂದು ಮಣೆ ಹಾಕಿಸಿಕೊಂಡರೇ ಹೊರತು ಕೊನೆಯವರೆಗೂ ಕುರ್ಚಿ ಬದಲಿಸಲಿಲ್ಲ.

ನಾನು ಬಬಲೇಶ್ವರದವಳು. ಬಿ.ಕಾಂ. ಮುಗಿಸಿ, ಅಲ್ಲಿ ಆಫೀಸಿಗೆ ಒಬ್ಬರು ಬೇಕಂತೆ ಎಂಬ ಸುದ್ದಿ ಹಿಡಿದು ಬಸ್ಸು ಹತ್ತಿದವಳು. ದಾರಿಯುದ್ದಕ್ಕೂ ಜಿಎಸ್‌ಟಿ ಬಾಯಿಪಾಠ ಮಾಡುತ್ತ ಹೋಗಿದ್ದೆ. ಅಕ್ಕಾರು ನನ್ನ ಅಂಕಪಟ್ಟಿಯನ್ನು ಮುಟ್ಟಲೂ ಇಲ್ಲ. ಒಂದು ತಾಸು ಹೆಣ್ಣುಮಕ್ಕಳ ಜೊತೆ ಕೂತು ಮಾಲು ಹಸನು ಮಾಡು, ಆಮೇಲೆ ಮಾತಾಡೋಣ ಅಂದರು. ನನಗೆ ಭಾರೀ ಅವಮಾನವಾಯಿತು. ಇಷ್ಟು ಓದಿ ಬಂದವಳನ್ನು ಪರಾತದ ಮುಂದೆ ಕೂಡಿಸುತ್ತಾರಲ್ಲ, ಇವರ ಮನೆ ಹಾಳಾಗ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮದುವೆ ಮನೆಯಲ್ಲಿ ಹಿಟ್ಟು ನಾದುತ್ತಾರಲ್ಲ, ಅಂಥ ದೊಡ್ಡ ಹಿತ್ತಾಳೆ ಪರಾತ. ಅದರ ತುಂಬ ಒಣದ್ರಾಕ್ಷಿ. ಹಸಿರು ಕಾಳು ಒಂದು ಬಾಕ್ಸಿಗೆ, ಕರಿ ಕಾಳು ಇನ್ನೊಂದಕ್ಕೆ.

ನನ್ನ ಎದುರಿಗೆ ಕೂತವಳು ಆಯಿ. ಅಲ್ಲಿನ ಹೆಣ್ಣಾಳುಗಳಿಗೆಲ್ಲ ಹಿರಿಯಳು, ಅಕ್ಕಾರ ಗಂಡನ ಕಾಲದಿಂದ ಇದ್ದವಳು, ಬಾಯಿ ತುಂಬ ಎಲೆಅಡಿಕೆ. ಸ್ವಲ್ಪ ಹೊತ್ತಾದ ಮೇಲೆ ಆಯಿ ಅತ್ತಿತ್ತ ನೋಡಿ, ಒಂದು ಬೊಗಸೆ ಕರಿ ಮಾಲನ್ನು ಹಸಿರಿನ ಬಾಕ್ಸಿನ ತಳಕ್ಕೆ ತಳ್ಳಿ, ಮೇಲೆ ಹಸಿರು ಹರಡಿದಳು. ನನ್ನ ಮುಖ ನೋಡಿ ನಕ್ಕಳು ಬೇರೆ. ನನಗೆ ಕೈ ಆಡಲೊಲ್ಲದು. ಮುದುಕಿಯ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ ಅನ್ನಿಸಿತು. ಹಾಗೆಯೇ, ನಾಳೆ ಈ ಬಾಕ್ಸು ಯಾರಾದರೂ ಸುರಿದರೆ ಹೊಸದಾಗಿ ಬಂದವಳ ಮೇಲೇ ಬರುತ್ತದೆ ಅಂತಲೂ ಅನ್ನಿಸಿತು. ಎದ್ದು ಹೋಗಿ ಅಕ್ಕಾರಿಗೆ ಹೇಳಿದೆ. ಹೇಳುವಾಗ ದನಿ ನಡುಗುತ್ತಿತ್ತು.

ಅಕ್ಕಾರು ಆಯಿಯನ್ನು ಕರೆಸಿದರು. ಬೈಗುಳ ಕೇಳಲು ತಯಾರಾಗಿ ನಿಂತಿದ್ದೇನೆ, ಇಬ್ಬರೂ ನಗಹತ್ತಿದರು. ಯಾಕೆ ಹೇಳಿದೆ ಎಂದು ಅಕ್ಕಾರು ಕೇಳಿದರು. ನಾನು ಇದ್ದದ್ದು ಇದ್ದಹಾಗೆ, ನಾಳೆ ನನ್ನ ಮೇಲೆ ಬರುತ್ತದೆಂದು ಅಂಜಿ ಹೇಳಿದೆ ಅಂದೆ. ಅದಕ್ಕೆ ಇನ್ನಷ್ಟು ನಕ್ಕರು.

"ಅಂಜಿಕಿಗಾದ್ರೂ ಹೇಳಿದೆಲ್ಲ ತಂಗಿ, ಸಾಕು" ಅಂದರು. "ಕದಿಲಾರದವ್ರು ಊರ ತುಂಬ ಅದಾರ. ಕಂಡದ್ದು ಬಂದು ಹೇಳೋರು ಸಿಗಂಗಿಲ್ಲ. ನನಗ ಅವ್ರು ಬೇಕು."

ಹೀಗೆ ನನಗೆ ಕೆಲಸ ಸಿಕ್ಕಿತು. ಆಮೇಲೆ ಅದೇ ಪರಾತದ ಮುಂದೆ ಎಷ್ಟೋ ಜನ ಕೂತು ಎದ್ದು ಹೋಗುವುದನ್ನು ಆಫೀಸಿನ ಕಿಟಕಿಯಿಂದ ನೋಡಿದೆ. ದೊಡ್ಡವರ ಶಿಫಾರಸು ಹಿಡಿದು ಬಂದ ಒಬ್ಬ, ಆಯಿಯ ಕೈಚಳಕವನ್ನು ಕಣ್ಣಾರೆ ಕಂಡು ಮುಖ ತಿರುವಿ ಕೂತ. ಆಮೇಲೆ ಅಕ್ಕಾರು ಕೇಳಿದರೆ, ಊರ ಉಸಾಬರಿ ನನಗ್ಯಾಕ್ರೀ ಅಂದ. ಅಕ್ಕಾರು ಅವನಿಗೆ ಚಹಾ ಕುಡಿಸಿ, ಒಂದು ಮುಷ್ಟಿ ಒಳ್ಳೆಯ ದ್ರಾಕ್ಷಿ ಪೊಟ್ಟಣ ಕಟ್ಟಿಕೊಟ್ಟು ಕಳಿಸಿದರು. ಚಹಾ ಕುಡಿಸಿ ಕಳಿಸಿದರು ಎಂದರೆ ನಮ್ಮಲ್ಲಿ ಕೆಲಸ ಇಲ್ಲ ಎಂದೇ ಅರ್ಥ. ಅವ ಹೋದ ಮೇಲೆ, ಕಳ್ಳರ ಹೊಟ್ಟೆ ತುಂಬುವುದು ಇಂಥ ಒಳ್ಳೆಯವರಿಂದಲೇ ಅಂದರು.

ಒಮ್ಮೆ ಮಾತ್ರ ನನಗೆ ಈ ಪರೀಕ್ಷೆ ಸರಿ ಬರಲಿಲ್ಲ. ಇಟ್ಟಂಗಿಹಾಳದಿಂದ ಗಂಡ ಬಿಟ್ಟುಹೋದ ಒಬ್ಬ ಹೆಣ್ಣುಮಗಳು ಕೆಲಸ ಕೇಳಿ ಬಂದಿದ್ದಳು. ಆಯಿ ಕರಿ ಮಾಲು ತಳ್ಳಿದ್ದನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು, ಆದರೆ ತುಟಿ ಬಿಚ್ಚಲಿಲ್ಲ. ಅವಳಿಗೂ ಚಹಾ ಬಂತು. ಗೇಟಿನ ಹತ್ತಿರ ನಾನು ಮೆಲ್ಲಗೆ ಕೇಳಿದ್ದಕ್ಕೆ ಅವಳು, "ಹೇಳಾಕ ಬೆನ್ನಿಗೆ ಯಾರರೆ ಇರಬೇಕಲ್ರೀ" ಅಂದಳು. ಆ ಮಾತನ್ನು ಅಕ್ಕಾರಿಗೆ ಮುಟ್ಟಿಸಿದೆ. ಅವರು ಉಗುರಿನ ಗೆರೆ ಸವರಿಕೊಂಡರು.

ಅಕ್ಕಾರ ಮಾತಿಗೆ ತೂಕವಿತ್ತು. ನಮ್ಮಲ್ಲಿ ಕೆಲಸ ಬಿಟ್ಟು ಹೋದವರು ಇನ್ನೊಂದು ಕಡೆ ಕೇಳಿಕೊಂಡು ಹೋದರೆ, ಆ ಮಾಲಕರು ಮೊದಲು ಅಕ್ಕಾರಿಗೆ ಫೋನು ಹಚ್ಚುತ್ತಿದ್ದರು. ಹೆಂಗದಾನ್ರೀ ಅಂತ ಒಂದೇ ಪ್ರಶ್ನೆ. ಅಕ್ಕಾರು ಹೂಂ ಅಂದರೆ ಅವನಿಗೆ ಮರುದಿನವೇ ಕೆಲಸ. ಫೋನಿನಲ್ಲಿ ಅವರು ಒಬ್ಬರನ್ನೂ ಹೊಗಳಿದವರಲ್ಲ, ಒಬ್ಬರ ಹೊಟ್ಟೆಯ ಮೇಲೂ ಹೊಡೆದವರಲ್ಲ. ಇದ್ದದ್ದು ಹೇಳುತ್ತಿದ್ದರು, ಅಷ್ಟೆ.

ಅವರ ತಮ್ಮನ ವಿಷಯ ಹೇಳಬೇಕು. ಮಮದಾಪುರದಲ್ಲಿ ಅವರ ತವರು. ತಾಯಿ ತಂದೆ ಹೋದ ಮೇಲೆ ತವರು ಎಂದು ಉಳಿದವನು ಅವನೊಬ್ಬನೇ. ಅವನನ್ನು ಕರೆತಂದು ಕೋಲ್ಡ್ ಸ್ಟೋರೇಜಿನ ಉಸ್ತುವಾರಿ ಕೊಟ್ಟು, ಕೀಲಿಕೈ ಅವನ ಕೈಗೆ ಹಾಕಿದ್ದರು. ಅವನಿಗೆ ಪರಾತ ಇಟ್ಟಿರಲಿಲ್ಲ. ಒಡಹುಟ್ಟಿದವನಿಗೆ ಯಾರು ಇಡುತ್ತಾರೆ? ಕೆಟ್ಟ ಮನುಷ್ಯ ಅಂತ ಅವನನ್ನು ಕಂಡವರು ಯಾರೂ ಅನ್ನುವಹಾಗಿರಲಿಲ್ಲ. ಬರುವಾಗ ಹೆಣ್ಣುಮಕ್ಕಳಿಗೆ ಬಿಸಿ ಭಜಿ ತರುತ್ತಿದ್ದ. ನಕ್ಕರೆ ಇಡೀ ಶೆಡ್ಡು ನಗುತ್ತಿತ್ತು. ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಊರಿಗೆ ಕರೆದೊಯ್ಯಲು ಹೊಸ ಅಂಗಿ ಹಾಕಿಕೊಂಡು ಬರುತ್ತಿದ್ದ. ಆ ದಿನ ಅಕ್ಕಾರ ಮುಖ ನೋಡಬೇಕಿತ್ತು. ಅಷ್ಟು ಆಳುಗಳನ್ನು ಆಳುವ ಹೆಂಗಸು, ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು ಮುಂಜಾನೆಯಿಂದ ಬಾಗಿಲಲ್ಲೇ ನಿಂತಿರುತ್ತಿದ್ದರು. ಜೋಕಾಲಿ ಆಡುವ ವಯಸ್ಸೇನ್ರೀ ಎಂದು ನಾನು ಚೇಷ್ಟೆ ಮಾಡಿದರೆ, ಕರೆಯುವವರಿದ್ದರೆ ಎಲ್ಲ ವಯಸ್ಸೂ ಜೋಕಾಲಿಯ ವಯಸ್ಸೇ ಅನ್ನುತ್ತಿದ್ದರು.

ಒಂದು ವರ್ಷ, ಕಾರಹುಣ್ಣಿಮೆ ಆದ ಸುಮಾರಿಗೆ, ತಿಕೋಟಾದ ಒಬ್ಬ ರೈತರ ಮಾಲು ಸವಾಲಿಗೆ ಹೋಯಿತು. ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು. ಅವರ ದ್ರಾಕ್ಷಿ ಎಂದರೆ ವ್ಯಾಪಾರಿಗಳು ಬಾಕ್ಸು ಬಿಚ್ಚಿ ನೋಡುವುದಕ್ಕೆ ಮೊದಲೇ ದರ ಕೂಗುತ್ತಿದ್ದರು, ಅಂಥ ಹೆಸರು. ಸವಾಲಿನಲ್ಲಿ ಮಾದರಿಗೆಂದು ಒಂದು ಬಾಕ್ಸು ಸುರಿಯುತ್ತಾರೆ. ಉಳಿದದ್ದನ್ನು ಕೊಂಡವರು ತಮ್ಮ ಗೋದಾಮಿಗೆ ಒಯ್ದು ಬಿಚ್ಚುತ್ತಾರೆ. ಸುರಿದ ಬಾಕ್ಸು ಚಿನ್ನದಂತಿತ್ತು. ಮರುದಿನ ಮಾಲು ಕೊಂಡ ವ್ಯಾಪಾರಿ ಉಳಿದ ಬಾಕ್ಸುಗಳನ್ನು ಗಾಡಿಯಲ್ಲಿ ಹೇರಿಕೊಂಡು ಸವಾಲಿನ ಕಟ್ಟೆಗೆ ತಿರುಗಿ ಬಂದ. ಎಲ್ಲರ ಎದುರಿಗೆ ಒಂದೊಂದೇ ಬಾಕ್ಸು ಬೋರಲು ಹಾಕಿದ. ಮೇಲೆ ಒಂದು ಪದರ ಹಸಿರು, ತಳದಲ್ಲೆಲ್ಲ ಕರಿ.

ಮೇಲೆ ಒಳ್ಳೆಯದು ಹರಡಿ ತಳಕ್ಕೆ ಕೆಟ್ಟದ್ದು ತುಂಬುವ ರೈತರು ಇಲ್ಲವೆಂದಲ್ಲ. ಅದಕ್ಕೇ ಎಲ್ಲರೂ ಥಟ್ಟನೆ ನಂಬಿದರು. ಕಾಕಾ ಕೂಡ ಕೊನೆಗೆ ಇದನ್ನೇ ಮಾಡಿದರಲ್ಲ ಅಂದರು. ಕಾಕಾ ಮಣ್ಣು ಮುಟ್ಟಿ ಆಣೆ ಮಾಡಿದರೂ ಯಾರೂ ಕೇಳಲಿಲ್ಲ. ಅಂದಿನಿಂದ ಅವರ ಹೆಸರು ಕೂಗಿದರೆ ಸವಾಲಿನ ಕಟ್ಟೆಯ ಮೇಲೆ ಒಬ್ಬರೂ ಬಾಯಿ ಬಿಡಲಿಲ್ಲ. ಸ್ಟೋರೇಜಿನಲ್ಲಿ ಉಳಿದ ಅವರ ಮಾಲು ಹಾಗೇ ಕೂತಿತು.

ಅವರು ಅಕ್ಕಾರ ಹತ್ತಿರ ಬಂದರು. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ನಿಂತೇ ಮಾತಾಡಿದರು. ಅವರ ಮನೆಯಲ್ಲೊಂದು ಪದ್ಧತಿ ಇತ್ತು: ಜೋಳದ ಕಣಜಕ್ಕೆ ಹಾಕುವಂತೆ ಅವರ ಹೆಂಡತಿ ಕಾಕೂ ಪ್ರತಿ ದ್ರಾಕ್ಷಿ ಬಾಕ್ಸಿನ ತಳಕ್ಕೂ ಒಂದು ಬೇವಿನ ಎಸಳು ಹಾಕುತ್ತಿದ್ದಳು. ವ್ಯಾಪಾರಿಗಳು ಅದಕ್ಕೆ ನಗುತ್ತಿದ್ದರು. ಸವಾಲಿನಲ್ಲಿ ಬೋರಲು ಹಾಕಿದ ಬಾಕ್ಸುಗಳಲ್ಲಿ ಒಂದಾದರೂ ಬೇವಿನ ಎಸಳು ಇತ್ತೇ ಎಂದು ಕಾಕಾ ಕೇಳಿದರು. ಆ ಬೇವು ಎಲ್ಲಿ ಹೋಯಿತು ಹೇಳಿ ಅಂದರು. ಅಕ್ಕಾರು ಮರ್ಯಾದೆಯಿಂದಲೇ, ನಮ್ಮಲ್ಲಿ ಕೀಲಿ ಹಾಕಿದ ಮೇಲೆ ಗಾಳಿಯೂ ಒಳಗೆ ಹೋಗುವುದಿಲ್ಲ ಕಾಕಾ, ನೀವೇ ಮನೆಯಲ್ಲೊಮ್ಮೆ ವಿಚಾರಿಸಿ ಅಂದರು. ಆಗ ಅವರು ಹಾಗೆಯೇ ನಂಬಿದ್ದರು ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ.

ಆದರೆ ಬೇವು ಅಂದ ಕೂಡಲೆ ನನಗೊಂದು ನೆನಪಾಯಿತು. ಕೆಲವು ವಾರಗಳ ಹಿಂದೆ ನಮ್ಮ ಹೆಣ್ಣುಮಕ್ಕಳು ಪರಾತದಿಂದ ಒಣಗಿದ ಬೇವಿನ ಎಸಳು ಹೆಕ್ಕಿ ಹೆಕ್ಕಿ ಒಗೆಯುವುದನ್ನು ಕಂಡಿದ್ದೆ. ಎಲ್ಲಿಂದಲೋ ಗಾಳಿಗೆ ಬಂದಿರಬೇಕು ಎಂದುಕೊಂಡಿದ್ದೆ. ಊಟದ ಹೊತ್ತಿನಲ್ಲಿ ಆಯಿಯನ್ನು ಮಗ್ಗುಲಿಗೆ ಕರೆದು ಕೇಳಿದೆ. ಅವಳು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಅಕ್ಕಾರ ತಮ್ಮ ತನ್ನ ಹೆಸರಿನಲ್ಲಿ ಹಸನು ಮಾಡಲು ತಂದಿದ್ದ ಮಾಲು ಅದು. ಕಾಕಾನ ಬಾಕ್ಸಿನಿಂದ ಒಳ್ಳೆಯದನ್ನು ತೆಗೆದು ತಳಕ್ಕೆ ಕರಿ ತುಂಬಿದ್ದ; ಬೇವು ಕಂಡೊಡನೆ ಅದು ಯಾರ ಮಾಲೆಂದು ಹೆಣ್ಣುಮಕ್ಕಳಿಗೆಲ್ಲ ತಿಳಿದಿತ್ತು.

"ಅಕ್ಕಾರಿಗೆ ಗೊತ್ತೈತಿ ಅಂತ ತಮ್ಮಾರು ಹೇಳಿದ್ರವಾ" ಅಂದಳು. "ಅಕ್ಕಾರಿಗೆ ಗೊತ್ತಿದ್ದದ್ದು ಅಕ್ಕಾರ ಮುಂದ ಹೋಗಿ ಏನಂತ ಹೇಳೂದು?"

ಆಯೀ, ಬಂದ ಬಂದವರಿಗೆಲ್ಲ ಪರಾತ ಇಟ್ಟು ಪರೀಕ್ಷೆ ಮಾಡುವವಳು ನೀನಲ್ಲವೇ ಎಂದು ಕೇಳಿದೆ. ನನಗೆ ಸಿಟ್ಟು ಬಂದಿತ್ತು.

"ಅದು ಹೊಸಬರಿಗೆ ಯವ್ವಾ" ಅಂದಳು ಆಯಿ. "ನಮಗ ಯಾರ್ ಇಟ್ಟಿದ್ರು?"

ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಬೇಲಿ ಮೇಯುವುದನ್ನು ಇಡೀ ಶೆಡ್ಡು ನೋಡಿತ್ತು, ಒಬ್ಬರೂ ಹೇಳಿರಲಿಲ್ಲ. ಆಯಿಯಂಥ ಹಳಬರನ್ನು ಬಿಟ್ಟರೆ ಉಳಿದೆಲ್ಲರನ್ನೂ ಹೇಳುವವರೆಂದೇ ಆರಿಸಿ ತಂದಿದ್ದರು ಅಕ್ಕಾರು.

ನಾನು ಆ ಸಂಜೆಯೇ ಅಕ್ಕಾರ ಮುಂದೆ ಎಲ್ಲ ಹೇಳಿದೆ. ಈ ಸಲ ದನಿ ನಡುಗಲಿಲ್ಲ. ಹೇಳಿದರೆ ಇವರು ಏನು ಮಾಡುತ್ತಾರೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಉಗುರು ಸವರುತ್ತ ಕೂತರು. ಮತ್ತೆ ಯಾರಿಗೆ ಹೇಳಿದೆ ಎಂದು ಕೇಳಿದರು. ಯಾರಿಗೂ ಇಲ್ಲ ಅಂದೆ. ಆಗ ಅವರು ಆಡಿದ ಮಾತು ನನಗೆ ಮರೆಯುವುದಿಲ್ಲ.

"ಪಂಚಮಿ ಒಂದ್ ಆಗಿಬಿಡ್ಲಿ ತಂಗಿ."

ಪಂಚಮಿಗೆ ತಮ್ಮ ಹೊಸ ಅಂಗಿ ಹಾಕಿಕೊಂಡು ಬಂದ. ಅಕ್ಕಾರು ಹೋದರು. ತಿರುಗಿ ಬಂದಾಗ ಕೀಲಿಕೈ ಗೊಂಚಲು ಅವರ ಸೊಂಟದಲ್ಲಿತ್ತು. ತಮ್ಮನಿಗೆ ಹೊಲದ ಕಡೆ ಮನಸ್ಸಾಗಿದೆ, ಇನ್ನು ಊರಲ್ಲೇ ಇರುತ್ತಾನೆ ಎಂದು ಎಲ್ಲರಿಗೂ ಹೇಳಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೆಣ್ಣುಮಕ್ಕಳು ಅವನಿಗೆ ಆರತಿ ಮಾಡಿ ಕಳಿಸಿಕೊಡಲಾಗಲಿಲ್ಲವಲ್ಲ ಎಂದು ಹಳಹಳಿಸಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಎದ್ದು ಒಳಗೆ ಹೋದೆ.

ಅಕ್ಕಾರು ತಮ್ಮ ಸ್ವಂತ ಮಾಲಿನಲ್ಲಿ ಒಳ್ಳೆಯದನ್ನು ಆರಿಸಿ, ಕೆಟ್ಟುಹೋದದ್ದಕ್ಕೆ ಬದಲಾಗಿ ಎಂದು ಗಾಡಿ ತುಂಬಿಸಿ ತಿಕೋಟಾಕ್ಕೆ ಕಳಿಸಿದರು. ಜೊತೆಗೆ ನಾನೂ ಹೋಗಿದ್ದೆ. ಕಾಕಾ ಗಾಡಿಯ ಹಗ್ಗ ಬಿಚ್ಚಗೊಡಲಿಲ್ಲ. ಇದನ್ನು ಕಳಿಸಿದ್ದಾರೆಂದರೆ ನಡೆದದ್ದು ಅವರಿಗೆ ತಿಳಿದಿದೆ ಎಂದಾಯಿತಲ್ಲ ಅಂದರು. ನಾನು ತಲೆ ತಗ್ಗಿಸಿದೆ.

"ನನಗ ಮಾಲು ಬ್ಯಾಡವಾ. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ. ಸವಾಲಿನ ಕಟ್ಟಿ ಮ್ಯಾಲ ನಿಂತು ಒಂದ ಮಾತು ಹೇಳಂತ ಹೇಳು ನಿಮ್ಮ ಅಕ್ಕಾರಿಗೆ. ನಾ ಮೋಸಗಾರ ಅಲ್ಲ ಅಂತ. ಅಷ್ಟ ಸಾಕು."

ಕಾಕೂ ಒಳಗಿನಿಂದ ನನಗೆ ನೀರು ತಂದು ಕೊಟ್ಟಳು. ಗಾಡಿ ತುಂಬಿದ್ದು ತುಂಬಿದ ಹಾಗೇ ತಿರುಗಿ ಬಂತು. ಕಾಕಾ ಹೇಳಿದ್ದನ್ನು ಅಕ್ಷರ ಬಿಡದೆ ಅಕ್ಕಾರಿಗೆ ಒಪ್ಪಿಸಿದೆ. ನೋಡೋಣ ಅಂದರು. ನೋಡೋಣ ನೋಡೋಣ ಅನ್ನುತ್ತಲೇ ದಸರೆ ಹೋಯಿತು. ಕಾಕಾ ತಾವೇ ಬೆಳೆದ ದ್ರಾಕ್ಷಿಯನ್ನು ಯಾರದೋ ಹೆಸರಿನಲ್ಲಿ ಮಾರಬೇಕಾಯಿತು ಎಂದು ಕೇಳಿದೆವು. ಅವರು ತೋಟ ಕಿತ್ತುಹಾಕುವ ಮಾತಾಡಹತ್ತಿದ್ದಾರೆಂದೂ ಸುದ್ದಿ ಬಂತು. ಅಕ್ಕಾರು ಊಟ ಕಡಿಮೆ ಮಾಡಿದ್ದರು. ಕುರ್ಚಿಯಲ್ಲಿ ಕೂತರೆ ಬೆರಳು ಉಗುರು ಬಿಟ್ಟು ಕದಲುತ್ತಿರಲಿಲ್ಲ. ಪರಾತವನ್ನಂತೂ ಹೊರಗೆ ತೆಗೆಯಲೇ ಇಲ್ಲ. ಕೆಲಸ ಕೇಳಿ ಬಂದವರನ್ನು ಆಮೇಲೆ ಬಾ ಎಂದು ಕಳಿಸಿಬಿಡುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಫೋನು ಬಂತು. ಬಬಲೇಶ್ವರದ ಕಡೆ ಹೊಸದಾಗಿ ಸ್ಟೋರೇಜು ಹಾಕಿದ ಒಬ್ಬ ಮಾಲಕರು. ಅಕ್ಕಾರ ತಮ್ಮ ಅಲ್ಲಿ ಉಸ್ತುವಾರಿ ಕೆಲಸಕ್ಕೆ ಕೇಳಿಕೊಂಡು ಹೋಗಿದ್ದ. ಹೆಂಗದಾನ್ರೀ ಎಂದು ಅವರು ಕೇಳಿದ್ದು ಮೇಜಿನ ಈಚೆ ಕೂತ ನನಗೂ ಕೇಳಿಸಿತು. ಅಕ್ಕಾರ ತೋರುಬೆರಳು ಉಗುರಿನ ಗೆರೆಗೆ ಹೋಯಿತು. ನನ್ನ ತಮ್ಮ ಅಂತ ಹೇಳುವುದಲ್ಲ, ಕೆಲಸದಲ್ಲಿ ಬಹಳ ಹುಷಾರಿದ್ದಾನೆ, ಮಂದಿಯ ಜೊತೆ ಚೆನ್ನಾಗಿ ಹೊಂದಿಕೊಂಡು ಹೋಗುತ್ತಾನೆ ಅಂದರು. ಒಂದೂ ಸುಳ್ಳಲ್ಲ. ನೀವು ಹೇಳಿದ ಮೇಲೆ ಮುಗೀತು ಬಿಡ್ರೀ ಎಂದು ಅವರು ಫೋನು ಇಟ್ಟರು.

ನನ್ನ ಊರಿನ ರೈತರು, ನನ್ನ ಸೋದರಮಾವನೂ ಸೇರಿ, ಆ ಸ್ಟೋರೇಜಿನಲ್ಲೇ ಮಾಲು ಇಡುವವರು. ನಾನು ಬಾಯಿ ಜೋರಿನವಳು ಹೌದು, ಆದರೆ ಅಕ್ಕಾರಿಗೆ ಎದುರಾಡಿದವಳಲ್ಲ. ಅವತ್ತು ತಡೆಯಲಾಗಲಿಲ್ಲ.

"ಅಕ್ಕಾರ, ಆ ಮಾಲಕ್ರು ಈಗ ನಿಮ್ಮ ಮುಂದ ಪರಾತ ಇಟ್ಟಿದ್ರು. ತಳದಾಗ ಏನೈತಿ ಅಂತ ನಿಮಗ ಕಾಣಿಸ್ತು. ಕಂಡೂ ಮ್ಯಾಲ ಹಸರು ಹರಡಿದ್ರಿ. ನೀವು ನಮ್ಮಲ್ಲಿ ಕೆಲಸ ಕೇಳಾಕ ಬಂದಿದ್ರ ಚಾ ಕುಡಿಸಿ ಕಳಸ್ತಿದ್ವಿ."

ಅಕ್ಕಾರ ಮುಖದಲ್ಲಿ ರಕ್ತ ಇರಲಿಲ್ಲ. ಮನೆಗೆ ಹೋಗು ಅಂದರು. 'ನಾಳೆ ಬಾ' ಅನ್ನಲಿಲ್ಲ. ಕೆಲಸ ಹೋಯಿತೆಂದೇ ತಿಳಿದು, ನನ್ನ ಊಟದ ಡಬ್ಬಿ, ಚಪ್ಪಲಿ, ಮೇಜಿನ ಮೇಲಿಟ್ಟಿದ್ದ ಸಣ್ಣ ಗಣಪ್ಪನ ಮೂರ್ತಿ ಎಲ್ಲ ಚೀಲಕ್ಕೆ ತುಂಬಿಕೊಂಡು ಬಂದಿದ್ದೆ.

ಮರುದಿನ ಮುಂಜಾನೆ ಅಕ್ಕಾರೇ ಫೋನು ಮಾಡಿ, ಯಾಕೆ ಇನ್ನೂ ಬಂದಿಲ್ಲ ಎಂದು ಗದರಿದರು. ಓಡಿ ಹೋದೆ. ನನ್ನನ್ನು ಎದುರಿಗೆ ಕೂಡಿಸಿಕೊಂಡು ಆ ಮಾಲಕರಿಗೆ ಫೋನು ಹಚ್ಚಿಸಿದರು. ನಿನ್ನೆ ನಾನು ಅರ್ಧ ಹೇಳಿದೆ, ಉಳಿದರ್ಧ ಕೇಳಿರಿ ಎಂದು ಶುರು ಮಾಡಿ, ಎಲ್ಲ ಹೇಳಿದರು. ದನಿ ಎಲ್ಲೂ ಏರಲಿಲ್ಲ. ಮಾತು ಮುಗಿದಾಗ ಸೆರಗಿನಿಂದ ಫೋನು ಒರೆಸಿ ಮೇಜಿನ ಮೇಲೆ ಇಟ್ಟರು. ಸವಾಲಿನ ದಿನ ಯಾವುದು ಎಂದು ನನ್ನನ್ನು ಕೇಳಿದರು.

ಸವಾಲಿನ ಕಟ್ಟೆಯ ಮೇಲೆ ಹೆಂಗಸರು ನಿಲ್ಲುವುದು ನಮ್ಮ ಕಡೆ ಅಪರೂಪ. ಅಕ್ಕಾರು ಮಾಸಲು ಇಳಕಲ್ಲ ಸೀರೆಯಲ್ಲಿ, ನನ್ನ ಭುಜ ಹಿಡಿದು ಹತ್ತಿದರು. ಕಾಕಾನಿಗೆ ನಾನು ಮೊದಲೇ ಹೇಳಿ ಕಳಿಸಿದ್ದೆ. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು.

"ತಿಕೋಟಾದ ಈ ಯಜಮಾನ್ರ ಮಾಲಿನಾಗ ಕರಿ ಬೆರಸಿದ್ದು ಅವರಲ್ಲ. ನನ್ನ ಸ್ಟೋರೇಜಿನಾಗ, ನನ್ನ ತಮ್ಮ ಬೆರಸ್ಯಾನ. ಪಂಚಮಿಕಿಂತ ಮೊದಲ ನನಗ ಗೊತ್ತಾಗಿತ್ತು. ನಾ ಸುಮ್ಮನ ಇದ್ದೆ. ಇವರ ಹೆಸರು ಅವ ಅರ್ಧ ಕೆಡಿಸಿದ್ರ, ಉಳಿದರ್ಧ ನಾ ಕೆಡಿಸೇನಿ."

ಚಪ್ಪಾಳೆ ಯಾರೂ ತಟ್ಟಲಿಲ್ಲ, ಇದು ಸಿನಿಮಾ ಅಲ್ಲ. ಮನೆಯ ಮಾತು ಮನೆಯಲ್ಲಿ ಮುಗಿಸುವುದು ಬಿಟ್ಟು ಹೀಗೆ ಬೀದಿಗೆ ತರುತ್ತಾರೆಯೇ ಎಂದು ಒಬ್ಬ ವ್ಯಾಪಾರಿ ಗೊಣಗಿದ. ಸವಾಲು ಮುಂದುವರಿಯಿತು. ಕಾಕಾನ ಹೆಸರು ಬಂದಾಗ ಯಾರೋ ಒಬ್ಬರು ದರ ಕೂಗಿದರು, ಅದರ ಮೇಲೆ ಇನ್ನೊಬ್ಬರು. ಕಾಕಾ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಕೆಳಗಿಳಿದ ಅಕ್ಕಾರು ಅವರ ಎದುರಿಗೆ ಹೋಗಿ ಕೈ ಮುಗಿದರು. ಕಾಕಾ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟು ಹೋದರು.

ಅಕ್ಕಾರು ಪೊಲೀಸರಿಗೂ ದೂರು ಕೊಟ್ಟರು. ಅದು ಅಲೆದಾಡಿ ಅಲೆದಾಡಿ ಕಡೆಗೆ ರಾಜಿಯಲ್ಲಿ ಮುಗಿಯಿತು. ಇದ್ದದ್ದು ಹೇಳಿದ್ದಕ್ಕೆ ಸಿಕ್ಕ ಬಹುಮಾನವೆಂದರೆ, ನಮ್ಮ ಸ್ಟೋರೇಜಿನಿಂದ ರೈತರು ಒಬ್ಬೊಬ್ಬರಾಗಿ ಮಾಲು ಬಿಡಿಸಿಕೊಂಡು ಹೋದರು. ಏನೂ ಹೇಳದ, ಏನೂ ಕೇಳದ ಸ್ಟೋರೇಜುಗಳಿಗೇ ಹೋದರು! ಕಾಕಾನೂ ಹೋದರು. ನನಗೆ ಹೊಟ್ಟೆ ಉರಿಯಿತು. ಅಕ್ಕಾರು ಮಾತ್ರ, ಹೋಗುವ ಹಕ್ಕು ಅವರಿಗಿದೆ ಅಂದರು. ಇಟ್ಟಂಗಿಹಾಳದ ಆ ಹೆಣ್ಣುಮಗಳನ್ನು ಹುಡುಕಿಸಿ ಕರೆತಂದು ಕೆಲಸ ಕೊಟ್ಟರು. ಹೇಳಲು ಬೆನ್ನಿಗೆ ಯಾರಾದರೂ ಇರಬೇಕು ಎಂದು ಅವಳು ಅಂದದ್ದು ತನಗೆ ಆಗ ತಿಳಿಯಲಿಲ್ಲ, ತನ್ನ ಬೆನ್ನು ಬರಿದಾಗುವ ಹೊತ್ತಿಗೆ ತಿಳಿಯಿತು ಎಂದು ನನ್ನ ಮುಂದೆ ಹೇಳಿದರು.

ಮುಂದಿನ ಪಂಚಮಿಗೆ ನಾನು ಊರಿಗೆ ಹೋಗುವ ಮೊದಲು ಉಂಡಿ ಕೊಡಲೆಂದು ಅವರ ಮನೆಗೆ ಹೋಗಿದ್ದೆ. ಅಕ್ಕಾರು ಒಳ್ಳೆಯ ಸೀರೆ ಉಟ್ಟು, ಎರಡು ಸೀರೆ ಇಟ್ಟ ಚೀಲ ಮಗ್ಗುಲಿಗೆ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು. ನಾನು ಆ ಚೀಲ ನೋಡುತ್ತ ನಿಂತೆ.

"ಬರಂಗಿಲ್ಲ ಅಂತ ಗೊತ್ತೈತಿ" ಅಂದರು. "ಉಟಗೊಂಡು ಕೂತೇನಿ ಅಷ್ಟ."

ಅವತ್ತು ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ, ಸರಿ ಎಂದೇ ಹೇಳುತ್ತೇನೆ. ಆದರೆ ಪ್ರತಿ ಪಂಚಮಿಗೂ ಆ ಚೀಲ ಕಣ್ಣ ಮುಂದೆ ಬರುತ್ತದೆ. ಈಗ ಆ ಕಾರ್ಖಾನೆಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವವಳು ನಾನೇ. ಪರಾತ ಇಡುವುದಿಲ್ಲ. ನೀನು ಏನೇ ಕಂಡರೂ ಬಂದು ಹೇಳು, ನನ್ನ ತಪ್ಪು ಕಂಡರೆ ನನ್ನ ಮೇಲಿನವರಿಗೆ ಹೇಳು, ಹೇಳಿದ್ದಕ್ಕೆ ನಿನ್ನ ಕೆಲಸ ಹೋಗದಂತೆ ನೋಡಿಕೊಳ್ಳುತ್ತೇನೆ ಎಂದು ಮೊದಲ ದಿನವೇ ಎಲ್ಲರ ಎದುರಿಗೆ ಮಾತು ಕೊಡುತ್ತೇನೆ. ಅದನ್ನು ಹಳಬರಿಗೂ ವರ್ಷಕ್ಕೊಮ್ಮೆ ಹೇಳುತ್ತೇನೆ. ಬೇರೆ ಮಾಲಕರ ಫೋನು ಬಂದರೆ, ಹೆಂಗದಾನ್ರೀ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಈಗಲೂ ನನ್ನ ಬಾಯಿ ಒಣಗುತ್ತದೆ. ಒಣಗಿದ ಬಾಯಿಂದಲೇ ಪೂರ್ತಿ ಹೇಳುತ್ತೇನೆ. ಇದು ಅಕ್ಕಾರು ಕಲಿಸಿದ್ದು, ಗೆದ್ದು ಕಲಿಸಿದ್ದಲ್ಲ, ಸೋತು ಕಲಿಸಿದ್ದು.

ಅವರು ತೀರಿಕೊಂಡದ್ದು ಸಂಕ್ರಾಂತಿ ಆದ ಮೇಲೆ. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು, ಅದಾಗದೆ ಎತ್ತುವಂತಿಲ್ಲ. ಮಮದಾಪುರಕ್ಕೆ ಸುದ್ದಿ ಮುಟ್ಟಿಸಿದ್ದೆವು. ತಮ್ಮ ಬರುತ್ತಾನೆಂದು ಮಧ್ಯಾಹ್ನದವರೆಗೆ ಕಾದೆವು. ಆಯಿ ಹೆಣದ ತಲೆದೆಸೆಯಲ್ಲಿ ಕೂತು, ಅಕ್ಕಾರ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದಿದ್ದಳು. ಹೊತ್ತು ಇಳಿಯಹತ್ತಿತು. ಇನ್ನು ಎಷ್ಟು ಕಾಯುವುದೆಂದು ಗಂಡಸರು ಅಂಗಳದಲ್ಲಿ ಮಾತಾಡಿಕೊಳ್ಳಹತ್ತಿದರು. ನಾನೇ ಒಂದು ಸೀರೆ ತಂದುಬಿಡಲೇ ಎಂದು ಎದ್ದೆ.

ಆಗ ಬಾಗಿಲಲ್ಲಿ ತಿಕೋಟಾದ ಕಾಕಾ, ಕಾಕೂ ನಿಂತಿದ್ದರು. ಸವಾಲಿನ ಆ ದಿನದ ನಂತರ ಅಕ್ಕಾರ ಜೊತೆ ಒಂದು ಮಾತೂ ಆಡದವರು. ಕಾಕೂನ ಕಂಕುಳಲ್ಲಿ ಮಡಚಿದ ಹಸಿರು ಸೀರೆ ಇತ್ತು. ತವರಿನವರೇ ತರಬೇಕಲ್ಲ ಎಂದು ಹಿರಿಯರೊಬ್ಬರು ತಡೆದರು.

"ನಾವ ತವರಂತ ತಿಳೀರಿ" ಅಂದರು ಕಾಕಾ.

ಹಿರಿಯರು ಸರಿದು ದಾರಿ ಬಿಟ್ಟರು. ಕಾಕೂ ಸೀರೆಯ ಮಡಿಕೆ ಬಿಚ್ಚಿದಳು. ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡುವ ಒಣ ಬೇವಿನ ಎಸಳು ಒಂದು ಜಾರಿ ಅಕ್ಕಾರ ಎದೆಯ ಮೇಲೆ ಬಿತ್ತು. ಕಾಕೂ ಅದನ್ನು ತೆಗೆಯಲು ಕೈ ಚಾಚಿದಳು. ಇರಲಿ ಬಿಡು ಅಂದಳು ಆಯಿ. ಅದರ ಮೇಲೆಯೇ ಸೀರೆ ಹೊದಿಸಿದೆವು.